ಎಡಭಾಗದ ಎಳೆಗಳು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಕೊಳ್ಳೇಗಾಲದಿಂದ ಹನೂರಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದವಳು ಅಮ್ಮನೋ ನಾನೋ, ಈಗ ಖಚಿತವಾಗಿ ಹೇಳಲಾರೆ. ಅವಳ ಸೀರೆ ಹಸಿರು ಎಂದು ನೆನಪು. ಆದರೆ ಮನೆಯಲ್ಲಿರುವ ಅಮ್ಮನ ಒಂದು ಫೋಟೊದಲ್ಲಿ ಹಸಿರು ಸೀರೆಯಿದೆ, ನೆನಪಿಗೆ ಬಣ್ಣ ಅಲ್ಲಿಂದಲೇ ಹತ್ತಿರಬಹುದು. ಒಂದು ಮಾತ್ರ ಯಾವ ಫೋಟೊದಲ್ಲೂ ಇಲ್ಲ. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಅವಳ ಎಡಗೈಯ ಹೆಬ್ಬೆರಳು ಬೂದಿ ಮೆತ್ತಿ ಬೆಳ್ಳಗಿತ್ತು. ಸೆರಗಿಗೆ ಒರೆಸಿಕೊಳ್ಳಬಹುದಿತ್ತು. ಒರೆಸಿಕೊಂಡಿರಲಿಲ್ಲ.

ಆ ಹೆಬ್ಬೆರಳನ್ನು ನಂಬಿ, ನಾನು ಓದಿದ ಕಾಲೇಜಿಗೆ ಈ ವರ್ಷ ಒಂದು ಮಾತು ಹೇಳಿದೆ. ಅದು ನಿಜವೋ ಅಲ್ಲವೋ ಎಂಬುದು ಕೊಳ್ಳೇಗಾಲದಲ್ಲಿರುವ ನನ್ನ ಸೋದರತ್ತೆಗೆ ಮಾತ್ರ ಗೊತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಈಗ ಯಳಂದೂರಿನಲ್ಲಿ ಮನೆ. ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುತ್ತೇನೆ. ವಿಶ್ವವಿದ್ಯಾಲಯದ ಆ ಕಾಲೇಜಿನಿಂದ ಮೂರು ತಿಂಗಳಿಗೊಮ್ಮೆ ಸುದ್ದಿಪತ್ರ ಫೋನಿಗೆ ಬರುತ್ತದೆ. ಯಾರಿಗೆ ಬಡ್ತಿ, ಯಾರಿಗೆ ಪಿಎಚ್‌ಡಿ, ಯಾವ ಬ್ಯಾಚಿನವರು ಮತ್ತೆ ಸೇರಿ ಕ್ಯಾಂಟೀನಿನ ಮುಂದೆ ಫೋಟೊ ತೆಗೆಸಿಕೊಂಡರು, ಯಾವ ಮೇಷ್ಟ್ರು ನಿವೃತ್ತರಾದರು. ನಾನು ಅದನ್ನು ಹಿಂದಿನಿಂದ ಓದುತ್ತೇನೆ. ಕೊನೆಯ ಪುಟದಲ್ಲಿ ತೀರಿಕೊಂಡವರ ಹೆಸರಿರುತ್ತದೆ, ಅದೊಂದು ಮುಗಿದರೆ ಮಿಕ್ಕದ್ದನ್ನು ನಿರಾಳವಾಗಿ ನೋಡಬಹುದು. ಕ್ಯಾಂಟೀನಿನ ಫೋಟೊ ಬಂದಾಗ ಮಾತ್ರ ಬೆರಳು ಅಲ್ಲೇ ನಿಲ್ಲುತ್ತದೆ. ಅದರ ಪಕ್ಕದ ಗೋಡೆಯ ಮೇಲೆ ಒಂದು ಕಾಯಿನ್ ಫೋನ್ ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಕೊನೆಯ ಸೆಮಿಸ್ಟರ್ ಹೊತ್ತಿಗೆ ಅಮ್ಮ ತೀರಿಕೊಂಡಳು, ಫೋನ್ ಮಾಡಬೇಕಾದವರು ಯಾರೂ ಉಳಿಯಲಿಲ್ಲ. ಅಪ್ಪ ಇದ್ದರು, ಆದರೆ ಅಪ್ಪ ಫೋನಿನಲ್ಲಿ "ಊಂ, ಸರಿ, ಇಡು" ಎಂಬುದರ ಆಚೆ ಏನೂ ಹೇಳುವವರಲ್ಲ. ಈಗ ಆ ಗೋಡೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಯಾರದೋ ನಗುಮುಖಗಳ ಹಿಂದೆ ಫೋನ್ ಇದ್ದ ಜಾಗ ಯಾವುದಿರಬಹುದು ಎಂದು ಪ್ರತಿ ಸಲ ಹುಡುಕುತ್ತೇನೆ.

ಕಳೆದ ವರ್ಷದಿಂದ ಈ ಸುದ್ದಿಪತ್ರದಲ್ಲಿ ನಮ್ಮ ಕಡೆಯ ಊರುಗಳ ಹೆಸರು ಕಾಣಿಸತೊಡಗಿತು. ಶಾಗ್ಯದ ಹೊಲಗಳ ಅಂಚಿನಲ್ಲಿ ಆನೆ ಸುಳಿದರೆ ಮಿನುಗುವ ದೀಪವನ್ನು ವಿದ್ಯಾರ್ಥಿಗಳು ಹಾಕಿಬಂದರಂತೆ. ಒಂದು ಫೋಟೊದಲ್ಲಿ ಊರಿನವರೆಲ್ಲ ದೀಪ ನೋಡುತ್ತಿದ್ದಾರೆ, ಒಬ್ಬ ಮುದುಕ ಮಾತ್ರ ಕಾಡಿನ ಕಡೆ ನೋಡುತ್ತಿದ್ದಾನೆ. ನನ್ನ ಕಾಲದಲ್ಲಿ ಊರು ಯಾವುದೆಂದು ಕೇಳಿದವರಿಗೆ ಹನೂರು ಎಂದರೆ "ಅದೆಲ್ಲಿ ಬರುತ್ತೆ?" ಅನ್ನುತ್ತಿದ್ದರು. ಈಗ ಅದೇ ಕಾಲೇಜು ನಮ್ಮ ಹೊಲಕ್ಕೇ ಬಂದಿತ್ತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಜೊತೆಗೆ ತಡವಾಗಿ ಬಂದ ನೆಂಟರನ್ನು ಕಂಡಾಗ ಆಗುವಂಥ ಒಂದು ಸಣ್ಣ ಮುನಿಸೂ ಇತ್ತು.

ಅದರ ಮುಂದಿನ ಸಂಚಿಕೆಯಲ್ಲಿ ಒಂದು ಕೋರಿಕೆ ಇತ್ತು. ಕೈಮಗ್ಗಕ್ಕೆ ಹೊಸ ಎಳೆ ಜೋಡಿಸುವ ಸಣ್ಣ ಯಂತ್ರವೊಂದನ್ನು ಮಾಡಿದ್ದಾರೆ, ಅದನ್ನು ಪರೀಕ್ಷಿಸಲು ಕೊಳ್ಳೇಗಾಲದಲ್ಲಿ ಒಂದು ಮಗ್ಗದ ಮನೆ ಬೇಕು. ಕೈಯಲ್ಲಿ ಹೊಸೆದ ಹಳೆಯ ಜೋಡಣೆ ಎಲ್ಲಾದರೂ ಹಾಗೇ ಉಳಿದಿದ್ದರೆ ಹೋಲಿಸಿ ನೋಡಲು ಅದೂ ಬೇಕು. ಆ ಕಡೆಯ ಹಳೆಯ ವಿದ್ಯಾರ್ಥಿಗಳಿದ್ದರೆ ತಿಳಿಸಬೇಕು.

ನಾನು ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಓದಿದೆ. ಬಸ್ಸು ಬಂದು ಹೋಯಿತು. ಯಾಕೆಂದರೆ ಹೊಸೆದು ಹಾಗೇ ಬಿಟ್ಟ ಮಗ್ಗ ಒಂದು ಇರುವುದು ನನಗೆ ಗೊತ್ತಿತ್ತು.

ಮಗ್ಗ ನೋಡದವರಿಗೆ ಇಷ್ಟು ಹೇಳಬೇಕು. ಉದ್ದಕ್ಕೆ ಹಾಸಿದ ರೇಷ್ಮೆ ಎಳೆಗಳು ನೇಯ್ದು ನೇಯ್ದು ಮುಗಿಯುತ್ತ ಬಂದಾಗ ಅವನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಕೊನೆಯ ಒಂದು ಗೇಣನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದ ಮೇಲೆ ಹಳೆಯದರ ಒಂದೊಂದು ತುದಿಗೂ ಹೊಸದರ ಒಂದೊಂದು ತುದಿ ಸೇರಿಸಿ, ಹೆಬ್ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತಾರೆ. ಗಂಟಲ್ಲ, ಬರೀ ಹೊಸೆತ. ಸಾವಿರಾರು ಎಳೆ. ಆಮೇಲೆ ಹಳೆಯದನ್ನು ಮುಂದಕ್ಕೆ ಎಳೆದರೆ ಹೊಸದು ಅದರ ಹಿಂದೆಯೇ ದಾರಿ ಹಿಡಿದು ಬರುತ್ತದೆ. ಮಗ್ಗ ಹೀಗೆ ಎಂದೂ ಬರಿದಾಗುವುದಿಲ್ಲ. ಅತ್ತೆಯ ಮಗ್ಗದಲ್ಲಿ ಅವಳ ಮಾವನ ಕಾಲದಿಂದ ಒಂದರ ಹಿಂದೆ ಒಂದು ಎಳೆ ಬಂದು ಸೇರುತ್ತಲೇ ಇತ್ತು.

ಕೊನೆಯ ಸಲ ಹೊಸೆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೊಸೆದು ಮುಗಿದ ಮೇಲೆ ನೇಯಬೇಕಾಗಿದ್ದ ಮಾವ, ಎಂದರೆ ಅತ್ತೆಯ ಗಂಡ, ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಅತ್ತೆ ಆ ಹೊಸೆತವನ್ನು ಮುಂದಕ್ಕೆ ಎಳೆಯಲೇ ಇಲ್ಲ. ಮಗ್ಗಕ್ಕೆ ಹಳೆಯ ಪಂಚೆ ಹೊದಿಸಿ, ಕಣ್ಣು ಮಂಜಾಗುವ ತನಕ ಬೇರೆಯವರ ಮನೆಗೆ ಹೋಗಿ ಹೊಸೆದು ಬಂದಳು. ಬೀದಿಯಲ್ಲಿ ಒಬ್ಬೊಬ್ಬರೂ ಮಗ್ಗ ತೆಗೆದು, ನೇಯುವವರು ಕಾಲಿಳಿಸಿ ಕೂರುವ ಗುಂಡಿ ಮುಚ್ಚಿ, ಟೈಲ್ಸ್ ಹಾಕಿಸಿದರು. ಅತ್ತೆಯ ನಡುಮನೆಯಲ್ಲಿ ಪಂಚೆ ಹೊದ್ದ ಮಗ್ಗ ಹಾಗೇ ಇತ್ತು. ಹೋದವರು ಅದರ ಮೇಲೆ ಬ್ಯಾಗಿಟ್ಟರೆ ಸಾಕು, ಅಡುಗೆಮನೆಯಿಂದ ದನಿ ಬರುತ್ತಿತ್ತು: "ಅಲ್ ಮಡುಗ್ಬ್ಯಾಡಿ, ಎಳೆ ಅದೆ."

ಆ ಎಳೆಯ ಎಡಭಾಗವನ್ನು ಹೊಸೆದದ್ದು ಅಮ್ಮ ಎಂದು ನಾನು ನಂಬಿದ್ದೆ.

ಅಮ್ಮ ಮಗ್ಗದ ಮನೆಯವಳಲ್ಲ. ಅವಳ ತವರು ಹೊನ್ನೂರು, ಬೇಸಾಯದ ಮನೆ. ಅಪ್ಪ ಹನೂರಿನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದರು. ಇಬ್ಬರೂ ತಾವೇ ನೋಡಿಕೊಂಡು ಮದುವೆಯಾದರು. ಎರಡು ಕಡೆಯವರೂ ಸ್ವಲ್ಪ ಕಾಲ ಮಾತು ಬಿಟ್ಟು, ನಾನು ಹುಟ್ಟಿದ ಮೇಲೆ ಮಾತಾಡಿದರು. ಅಮ್ಮ ಎಡಚಿ. ಹೊನ್ನೂರಿನ ಮನೆಯಲ್ಲಿ ಅವಳಿಗೆಂದೇ ಕುಲುಮೆಯಲ್ಲಿ ಹಲ್ಲು ಹಾಕಿಸಿದ ಎಡಗೈ ಕುಡುಗೋಲು ಇತ್ತು. ಮದುವೆಯಾಗಿ ಬಂದ ಮೇಲೂ ಬಹಳ ವರ್ಷ ಅದು ಅಲ್ಲಿ ಸೂರಿನಲ್ಲಿ ಸಿಕ್ಕಿಸಿಯೇ ಇತ್ತು, ಯಾರ ಕೈಗೂ ಆಗುತ್ತಿರಲಿಲ್ಲ.

ಕೊಳ್ಳೇಗಾಲದ ಮನೆಯಲ್ಲಿ ಅಜ್ಜಿ ಇರುವವರೆಗೆ ಅಮ್ಮನಿಗೆ ಮಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪನ ಅಮ್ಮ ಆಕೆ, ಮಗಳ ಜೊತೆಯಲ್ಲೇ ಇದ್ದಳು. "ಒಲದ ಕೈ, ಅದ್ರಲ್ಲೂ ಎಡಗೈ" ಅನ್ನುತ್ತಿದ್ದಳು. ಜೋರಾಗಿ ಅಲ್ಲ, ತರಕಾರಿ ಆರಿಸುವಾಗ ಹುಳುಕು ಬದನೆಯನ್ನು ಪಕ್ಕಕ್ಕಿಡುವ ಹಾಗೆ. ಆ ಮನೆಯಲ್ಲಿ ತಮ್ಮತಮ್ಮಲ್ಲೇ ತೆಲುಗು ಬೆರೆತ ಮಾತು. ಎಲ್ಲರೂ ನಕ್ಕಾಗ ಅಮ್ಮ ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಇದು ನಾನು ಕಂಡದ್ದೋ, ದೊಡ್ಡವಳಾದ ಮೇಲೆ ಊಹಿಸಿ ಸೇರಿಸಿದ್ದೋ ತಿಳಿಯದು. ಅಜ್ಜಿ ಹೋದ ಮೇಲೆ ಅತ್ತೆ ಒಂದು ದಿನ ಅಮ್ಮನಿಗೆ ಹೇಳಿ ಕಳಿಸಿದಳು, ಹೊಸೆಯುವುದಿದೆ, ಬಾ ಎಂದು. ಆಮೇಲೆ ಹಾಸು ಏರಿಸಿದಾಗೆಲ್ಲ ಅಮ್ಮ ಹನೂರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ರಜೆಯಾದರೆ ನನ್ನನ್ನೂ ಕರೆದೊಯ್ಯುತ್ತಿದ್ದಳು. ಮಗ್ಗದ ಹಿಂದೆ ಬಲಗಡೆ ಅತ್ತೆ, ಎಡಗಡೆ ಅಮ್ಮ. ನಡುವೆ ಒಂದು ಬಟ್ಟಲಲ್ಲಿ ಬೂದಿ. ಬಸ್ಸಿಗೆ ಹೊತ್ತಾಯಿತು ಎಂದು ನಾನು ರೇಗಿದರೂ ಅಮ್ಮ ಏಳುತ್ತಿರಲಿಲ್ಲ. "ಇನ್ನೊಂದ್ ನಾಕೆಳೆ ತಡಿ" ಅನ್ನುತ್ತಿದ್ದಳು. ಅವಳು ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸುದ್ದಿಪತ್ರ ಓದಿದ ವಾರವೇ ಅತ್ತೆಯ ಮನೆಗೆ ಹೋದೆ. ವಿಷಯ ಹೇಳಿದೆ.

"ಕಾಲೇಜ್ನೋರು ನಮ್ಮನೆಗಾ?" ಅಂದಳು. "ಅವ್ರಿಗೇನು ಕೆಲ್ಸ ಇಲ್ವಾ?"

"ಅದೇ ಅವರ ಕೆಲಸ ಅತ್ತೆ."

"ಒಳ್ಳೆ ಕೆಲ್ಸ ಬುಡು. ಬತ್ತಾರೆ, ಕಾಫಿ ಕುಡೀತಾರೆ, ಫೋಟ ತಕಂಡು ಓಯ್ತಾರೆ. ಆಮ್ಯಾಕೆ ಲೋಟ ತೊಳ್ಯೋಳು ನಾನು."

"ಲೋಟ ನಾನು ತೊಳೀತೀನಿ. ಅವರು ಹೊಸ ಹಾಸು ತಂದು, ಮಿಷಿನ್‌ನಲ್ಲಿ ಜೋಡಿಸಿ, ಮಗ್ಗ ಓಡೋ ಹಾಗೆ ಮಾಡಿಕೊಟ್ಟು ಹೋಗ್ತಾರೆ. ಆಮೇಲೆ ನೀನು ನೇಯಬಹುದು."

ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ಹಾಗೇ ನಿಂತಿತು. "ದಿಟ್ವಾ?" ಅಂದಳು. ಎದ್ದು ಹೋಗಿ ಪಂಚೆಯನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿದಳು, ಮಲಗಿದ ಮಗುವನ್ನು ನೋಡುವ ಹಾಗೆ. "ಹೊಸ್ಯಾಕೆ ಕಣ್ಣು ಬರಾಕಿಲ್ಲ ಕಣವ್ವ ಈಗ. ನೇಯಾಕೆ ಕಣ್ಣು ಯಾಕೆ, ಕಾಲದೆ, ಕೈಯದೆ. ಒಂದ್ ಕಿತ ಆ ಗುಂಡಿಗೆ ಕಾಲ್ ಇಳ್ಸಿ ಕೂತ್ಕಂಡ್ರೆ ಸಾಕು ಅನ್ಸ್ತದೆ."

ಪಂಚೆ ಪೂರ್ತಿ ತೆಗೆದೆವು. ಹಿಂದೆ ಸುತ್ತಿಟ್ಟಿದ್ದ ಹಾಸಿನಲ್ಲಿ ಇಲಿ ಗೂಡು ಮಾಡಿತ್ತು. ಮುಟ್ಟಿದರೆ ರೇಷ್ಮೆ ಕಡ್ಡಿಯ ಹಾಗೆ ಮುರಿಯುತ್ತಿತ್ತು. ಮಗ್ಗದೊಳಗೆ ಉಳಿದಿದ್ದ ಹಳೆಯ ಗೇಣು ಮಾತ್ರ ಗಟ್ಟಿಯಿತ್ತು. ಎರಡೂ ಸೇರುವಲ್ಲಿ, ಈ ಗೋಡೆಯಿಂದ ಆ ಗೋಡೆಯ ಕಡೆಗೆ, ಹೊಸೆತದ ಸಾಲು. ಇರುವೆ ಸಾಲಿನಷ್ಟು ಸಣ್ಣದು. ಬೂದಿ ಇನ್ನೂ ಇತ್ತು.

"ಹೊಸದು ಜೋಡಿಸಬೇಕಾದರೆ ಇದನ್ನ ಕತ್ತರಿಸಬೇಕು ಅತ್ತೆ. ಅವರು ಈ ಸಾಲನ್ನ ತಗೊಂಡು ಹೋಗಿ, ಒಂದೊಂದನ್ನೂ ಎಳೆದು ಎಷ್ಟು ಬಲಕ್ಕೆ ಕಿತ್ತು ಹೋಗುತ್ತೆ ಅಂತ ನೋಡ್ತಾರಂತೆ."

"ಕಿತ್ ನೋಡ್ತಾರಾ?" ಅವಳು ನಕ್ಕಳು. "ಕೀಳ್ದೆ ಇರ್ಲಿ ಅಂತ ನಾವು ಒಸ್ದಿದ್ದು, ಕೀಳಾಕೇ ಒಂದು ಕಾಲೇಜು." ಪಂಚೆ ಮಡಿಸಿ ಪಕ್ಕಕ್ಕಿಟ್ಟು, "ತಕಂಡೋಗ್ಲಿ. ಯಾರ್ ಬಂದು ನೇಯ್ತಾರೆ ಅಂತ ಮಡುಗಿದ್ನೋ ಅವ್ರು ಬರಾಕಿಲ್ಲ" ಅಂದಳು.

ನಾನು ಎಡಗಡೆಯ ಎಳೆಗಳ ಮುಂದೆ ಕೂತು ಕೇಳಿದೆ, "ಈ ಅರ್ಧ ಅಮ್ಮ ಹೊಸೆದಿದ್ದು, ಅಲ್ವಾ?"

"ಊಂ," ಅಂದಳು ಅತ್ತೆ. "ನಿಮ್ಮವ್ವ ಅಲ್ಲೇ ಕೂತ್ಕತಿದ್ಲು."

ನಾನು ಹೌದೆಂಬ ಉತ್ತರವನ್ನು ಕೇಳಿಸಿಕೊಂಡೆ. ಹೊಸೆದಳಾ ಎಂದು ಕೇಳಿದ್ದೆ, ಕೂರುತ್ತಿದ್ದಳು ಎಂದು ಹೇಳಿದಳು. ಈ ವ್ಯತ್ಯಾಸ ಅವತ್ತು ನನಗೆ ಕಾಣಲಿಲ್ಲ.

ಕಾಲೇಜಿನವರು ಬಂದದ್ದು ಇಬ್ಬರು. ಒಬ್ಬರು ಪ್ರೊಫೆಸರ್, ನನ್ನ ಕಾಲದಲ್ಲಿ ಇರಲಿಲ್ಲ. ಇನ್ನೊಬ್ಬಳು ಸಂಶೋಧನೆ ಮಾಡುತ್ತಿರುವ ಹುಡುಗಿ, ಮಾರ್ಟಳ್ಳಿಯವಳು. ಯಂತ್ರದ ಅರ್ಧ ಕೆಲಸ ಅವಳದೇ. ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅತ್ತೆ ಅದನ್ನು ಸುತ್ತ ಒಂದು ಸಲ ನೋಡಿದಳು.

"ಇದೇನ್ ಸಾ, ಒಲಿಗೆ ಮಿಷಿನ್ನು ಆರ್ಮೋನಿಯಂಗೆ ಉಟ್ಟಂಗದೆ?"

ಪ್ರೊಫೆಸರ್ ನಕ್ಕು, "ಹೆಚ್ಚುಕಮ್ಮಿ ಹಾಗೇ ಅಮ್ಮ" ಅಂದರು.

ಹುಡುಗಿ ಅತ್ತೆಯ ಪಕ್ಕ ಕೂತು, "ಅಜ್ಜಿ, ಕೈಯಲ್ಲಿ ಹೇಗೆ ಹೊಸೀತಾರೆ ಒಂದು ಸಲ ತೋರಿಸಿ. ವಿಡಿಯೊ ಮಾಡ್ಕೊತೀನಿ" ಅಂದಳು.

"ಅಜ್ಜಿ ಅಂತೆ. ನಿಂಗಿರೋ ವಯಸ್ಸಿಗೆ ನಾನು ಅತ್ತೆ ಆಯ್ತೀನಿ, ಅಜ್ಜಿ ಆಗಾಕಿಲ್ಲ. ಯಾವೂರವ್ವ ನಿಂದು?"

"ಮಾರ್ಟಳ್ಳಿ."

"ಅಂಗಾರೆ ತಮಿಳು ಬತ್ತದೆ ನಿಂಗೆ."

"ಎರಡೂ ಬರುತ್ತೆ."

"ನಮ್ಮನೇಲೂ ಎರಡೇ. ಒಂದು ಬಯ್ಯಾಕೆ, ಇನ್ನೊಂದು ಬೈಸ್ಕಳಾಕೆ." ಹೇಳುತ್ತಲೇ ಅತ್ತೆ ಬಲಗೈ ಹೆಬ್ಬೆರಳನ್ನು ಬೂದಿಗೆ ಅದ್ದಿ, ಎರಡು ಎಳೆ ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡು ಹೊಸೆದು ತೋರಿಸಿದಳು. ಕಣ್ಣು ತೆರೆದಿದ್ದರೂ ಅವಳಿಗೆ ಅದು ಕಾಣುತ್ತಿರಲಿಲ್ಲ.

ಕತ್ತರಿಸುವ ಮೊದಲು ಹುಡುಗಿ ಹೊಸೆತದ ಸಾಲಿನ ಮುಂದೆ ಒಂದು, ಹಿಂದೆ ಒಂದು ಕಾಗದದ ಟೇಪ್ ಅಂಟಿಸಿದಳು, ಎಳೆಗಳ ಕ್ರಮ ತಪ್ಪದಿರಲಿ ಎಂದು. ಎಡಭಾಗ ನನ್ನ ತಾಯಿ ಹೊಸೆದದ್ದು, ಅದರಲ್ಲಿ ಸ್ವಲ್ಪವನ್ನಾದರೂ ಕೀಳದೆ ನನಗೆ ಕೊಡಲು ಆಗುತ್ತದಾ ಎಂದು ನಾನು ಕೇಳಿದೆ. ಅವಳು ಪ್ರೊಫೆಸರ್ ಮುಖ ನೋಡಿದಳು. ಅವರು ಒಪ್ಪಿದರು. "ಸುದ್ದಿಪತ್ರಕ್ಕೂ ಹಾಕೋಣ ಮೇಡಂ. ನಮ್ಮ ಹಳೆಯ ವಿದ್ಯಾರ್ಥಿನಿಯ ತಾಯಿಯ ಕೈಕೆಲಸ ನಮ್ಮದೇ ಪ್ರಯೋಗಾಲಯದಲ್ಲಿ. ತಾಯಿಯವರದೊಂದು ಫೋಟೊ ಕಳಿಸಿ." ಹುಡುಗಿ ಎಡಗಡೆಯ ಟೇಪಿನ ಮೇಲೆ ಒಂದು ಹಸಿರು ಚುಕ್ಕಿ ಅಂಟಿಸಿದಳು.

ಇದೆಲ್ಲ ನಡೆದಾಗ ಅತ್ತೆ ಅಲ್ಲೇ ಇದ್ದಳು. ಅವಳ ಮುಖ ನೋಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು ಎಂದು ನೆನಪು; ಆದರೆ ಲೋಟ ತೊಳೆದವಳು ನಾನು ಎಂಬುದೂ ನೆನಪಿದೆ.

ಯಂತ್ರ ಮೊದಲು ಮೊಂಡು ಹಿಡಿಯಿತು, ಎರಡೆರಡು ಎಳೆ ಕಚ್ಚಿತು. ಹುಡುಗಿ ಅದಕ್ಕೆ ತಮಿಳಿನಲ್ಲಿ ಏನೋ ಬೈದಳು, ಅತ್ತೆಗೆ ಅದು ಬಹಳ ಹಿಡಿಸಿತು. ಸಂಜೆಯ ಹೊತ್ತಿಗೆ ಹೊಸ ಹಾಸು ಹಳೆಯ ಗೇಣಿನ ಹಿಂದೆ ಒಂದೂ ಕಡಿಯದೆ ಮುಂದೆ ಬಂತು. ಅತ್ತೆ ಗುಂಡಿಗೆ ಕಾಲಿಳಿಸಿ ಕೂತಳು. ಲಾಳಿ ಎಸೆಯಲಿಲ್ಲ, ಸುಮ್ಮನೆ ಕೂತಳು. ಯಾರೂ ಫೋಟೊ ತೆಗೆಯಲಿಲ್ಲ. ಪ್ರೊಫೆಸರ್ ಮೊಬೈಲ್ ತೆಗೆದವರು ಮತ್ತೆ ಜೇಬಿಗೆ ಹಾಕಿಕೊಂಡರು. ಅದಕ್ಕೆ ನಾನು ಅವರಿಗೆ ಇವತ್ತಿಗೂ ಕೃತಜ್ಞಳು.

ಅಮ್ಮನ ಹಸಿರು ಸೀರೆಯ ಫೋಟೊವನ್ನು ಆ ರಾತ್ರಿಯೇ ಕಳಿಸಿಬಿಟ್ಟೆ.

ಸುಮಾರು ಒಂದು ತಿಂಗಳ ಮೇಲೆ ಹುಡುಗಿ ಫೋನ್ ಮಾಡಿದಳು. "ಮೇಡಂ, ಒಂದು ಸಲ ಲ್ಯಾಬಿಗೆ ಬರೋಕಾಗುತ್ತಾ? ನೀವೇ ನೋಡಿದರೆ ಒಳ್ಳೇದು" ಅಂದಳು. ರಜೆ ಹಾಕಿ ಹೋದೆ. ಓದು ಮುಗಿದ ಮೇಲೆ ನಾನು ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೊದಲು ಕ್ಯಾಂಟೀನಿನ ಕಡೆಗೇ ಹೋದೆ. ಕಾಫಿ ಕುಡಿಯುವ ಹುಡುಗಿಯರ ಗುಂಪಿನ ಹಿಂದೆ ಆ ಬಿಳಿ ಗೋಡೆ. ಹತ್ತಿರದಿಂದ ನೋಡಿದರೆ ಬಣ್ಣದ ಕೆಳಗೆ ಮೊಳೆ ಹೊಡೆದ ತೂತುಗಳನ್ನು ತುಂಬಿದ್ದು ಕಾಣುತ್ತಿತ್ತು. ಎರಡು ಕಡೆ ಅಂಥ ತೂತುಗಳಿದ್ದವು. ಯಾವುದು ಫೋನಿನದು, ಯಾವುದು ನೋಟಿಸ್ ಬೋರ್ಡಿನದು ಎಂದು ಹೇಳಲಾಗಲಿಲ್ಲ. ಎರಡನ್ನೂ ಮುಟ್ಟಿ ಬಂದೆ.

ಪ್ರಯೋಗಾಲಯದಲ್ಲಿ ಹುಡುಗಿ ಒಂದು ಹೊಸೆತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಇರುವೆಯಷ್ಟಿದ್ದದ್ದು ಹಗ್ಗದಷ್ಟಾಯಿತು. ಎರಡು ಎಳೆ ಒಂದನ್ನೊಂದು ಸುತ್ತಿಕೊಂಡು ಒಂದೇ ಕಡೆಗೆ ವಾಲಿದ್ದವು. ನಡುವೆ ಬೂದಿಯ ಕಣಗಳು ಕಲ್ಲುಗಳ ಹಾಗೆ.

"ಇದು ಬಲಭಾಗದ್ದು, ನಿಮ್ಮ ಅತ್ತೆಯವರದು," ಅಂದಳು. "ಬಲಗೈಯಲ್ಲಿ ಹೊಸೆದರೆ ತಿರುಚು ಹೀಗೆ ಬೀಳುತ್ತೆ. ಎಡಗೈಯವರು ಹೊಸೆದರೆ ಕನ್ನಡೀಲಿ ನೋಡಿದ ಹಾಗೆ, ಈ ಕಡೆಗೆ ವಾಲಬೇಕು. ನಿಮ್ಮ ತಾಯಿಯವರು ಎಡಗೈ ಅಂತ ನೀವು ಹೇಳಿದ್ರಿ."

"ಹೌದು."

"ಇದು ಎಡಭಾಗದ್ದು." ಹಸಿರು ಚುಕ್ಕಿಯ ತುಂಡನ್ನು ಕೆಳಗಿಟ್ಟಳು. ಒಂದು, ಅದರ ಪಕ್ಕದ್ದು, ಇನ್ನೂ ಆಚೆಯದು. ಎಲ್ಲವೂ ಅತ್ತೆಯದರ ಹಾಗೆಯೇ ವಾಲಿದ್ದವು. ನನ್ನ ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ.

ಇನ್ನೊಂದು ವಿಷಯವಿದೆ ಎಂದಳು ಹುಡುಗಿ, ಸ್ವಲ್ಪ ಅಳುಕಿನಿಂದ. ಬಲಭಾಗದಲ್ಲಿ ಹೊಸೆತದ ಆಚೆ ಉಳಿದ ತುದಿಗಳು ಉದ್ದವಿದ್ದವು, ಎಡಭಾಗದಲ್ಲಿ ಎಲ್ಲ ಗಿಡ್ಡ. ಒಮ್ಮೆ ಹೊಸೆದು, ಬಿಚ್ಚಿ, ಸವೆದ ತುದಿ ಚಿವುಟಿ ಮತ್ತೆ ಹೊಸೆದರೆ ಹಾಗಾಗಬಹುದು. ಬೇರೆ ಕಾರಣವೂ ಇರಬಹುದು, ಖಂಡಿತ ಹೇಳಲು ಬರುವುದಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಮೇಡಂ, ಕೊಳ್ಳೇಗಾಲದಲ್ಲಿ ನಾನು ಬೇರೆ ಮನೆಗಳಲ್ಲೂ ಮಾತಾಡಿಸ್ದೆ. ಎಡಗೈಯವರನ್ನ ಹೊಸೆಯೋಕೆ ಕೂರಿಸಲ್ವಂತೆ. ಅವರ ತಿರುಚು ನೂಲಿನ ತಿರುಚಿಗೆ ಎದುರು ಬೀಳುತ್ತೆ, ನೇಯುವಾಗ ಬಿಚ್ಕೊಳ್ಳುತ್ತೆ ಅಂತಾರೆ. ಅದು ನಿಜಾನಾ ಅಂತ ನಾವಿನ್ನೂ ನೋಡಿಲ್ಲ. ಆದರೆ ಅವರೆಲ್ಲ ಹಾಗಂತಾರೆ. ನಿಮಗೆ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ಎಡಗೈ ಎಂದು ಅಜ್ಜಿ ಅಂದದ್ದು ಬರೀ ತಿರಸ್ಕಾರ ಎಂದುಕೊಂಡಿದ್ದೆ. ಅದು ಆ ಬೀದಿಯ ಕಸುಬಿನ ಮಾತೂ ಆಗಿತ್ತು.

"ಹಸಿರು ಚುಕ್ಕಿಯದನ್ನ ಹಾಗೇ ಇಟ್ಟಿದ್ದೀನಿ," ಅಂದಳು. "ನಿಮಗೆ ಕೊಡೋದಾ, ಟೆಸ್ಟ್‌ಗೆ ಹಾಕೋದಾ, ನೀವು ಹೇಳಿದ ಹಾಗೆ. ಸುದ್ದಿಪತ್ರದ್ದೂ ತಡೆದಿದ್ದೀನಿ. ಸರ್ ಕೇಳ್ತಿದ್ದಾರೆ."

ವಾಪಸು ಬರುವ ಬಸ್ಸಿನಲ್ಲಿ ನನ್ನ ವಿರುದ್ಧ ನಾನೇ ವಾದ ಮಾಡಿದೆ. ಅಮ್ಮ ಬರೆಯುತ್ತಿದ್ದದ್ದು ಬಲಗೈಯಲ್ಲಿ. ಸ್ಕೂಲಿನಲ್ಲಿ ಹೊಡೆದು ಬಲಗೈಗೆ ಬದಲಿಸಿದ್ದರು. ಹಾಗೆಯೇ ಬಲಗೈಯಲ್ಲಿ ಹೊಸೆಯುವುದನ್ನೂ ಅತ್ತೆ ಕಲಿಸಿರಬಹುದು. ಹಾಗಾದರೆ ಎಳೆಗಳು ಅಮ್ಮನವೇ, ತಪ್ಪಿದ್ದು ಹೆಬ್ಬೆರಳಿನ ನನ್ನ ನೆನಪು. ಬಸ್ಸಿನ ಕಂಬಿ ಹಿಡಿದಿದ್ದದ್ದು ಬಲಗೈ. ನೆನಪಿನಲ್ಲಿ ಎಡ ಬಲ ಅದಲುಬದಲಾಗುವುದು ದೊಡ್ಡ ವಿಷಯವೇನಲ್ಲ. ಅಥವಾ ಹೆಬ್ಬೆರಳು ನಿಜ. ಅಮ್ಮ ಎಡಗೈಯಲ್ಲೇ, ಅವಳಿಗೆ ಬಂದ ಹಾಗೆ, ದಿನವಿಡೀ ಹೊಸೆದಳು. ಅವಳು ಸಂಜೆ ಬಸ್ಸು ಹತ್ತಿದ ಮೇಲೆ ಅತ್ತೆ ಆ ಜಾಗಕ್ಕೆ ಸರಿದು ಕೂತು ಒಂದೊಂದನ್ನೂ ಬಿಚ್ಚಿದಳು. ಮತ್ತೆ ಹೊಸೆದಳು. ಮುಂದಿನ ಸಲ ಹಾಸು ಬಂದಾಗ ಮತ್ತೆ ಹೇಳಿ ಕಳಿಸಿದಳು, ಬಾ ಎಂದು.

ಮೊದಲನೆಯದು ನಿಜವಾದರೆ ನನಗೆ ಅಮ್ಮನ ಕೈಯ ಎಳೆಗಳು ಉಳಿಯುತ್ತವೆ, ಅವಳ ಬೂದಿ ಮೆತ್ತಿದ ಎಡ ಹೆಬ್ಬೆರಳು ಹೋಗುತ್ತದೆ. ಎರಡನೆಯದು ನಿಜವಾದರೆ ಹೆಬ್ಬೆರಳು ಉಳಿಯುತ್ತದೆ, ಎಳೆ ಹೋಗುತ್ತದೆ. ಎರಡನ್ನೂ ಇಟ್ಟುಕೊಳ್ಳಲು ಬರುವುದಿಲ್ಲ. ಯಾರ ಬಳಿಯಾದರೂ ಬೇಡಿಕೊಳ್ಳಬೇಕೆನ್ನಿಸುವಷ್ಟು ಎರಡೂ ಬೇಕಾಗಿದ್ದವು. ಇನ್ನೂ ಒಂದು ಯೋಚನೆ ಬಂತು, ಹನೂರಿನ ಮನೆಯಲ್ಲಿ ಅಮ್ಮನಿಗೆ ಇದೆಲ್ಲ ತಿಳಿದೇ ಇದ್ದಿರಬಹುದೇ ಎಂದು. ತಿಳಿದೂ ಬೆಳಗಿನ ಬಸ್ಸಿಗೆ ಹೋಗುತ್ತಿದ್ದಳೇ? "ಇನ್ನೊಂದ್ ನಾಕೆಳೆ" ಅನ್ನುತ್ತಿದ್ದಳೇ? ಆ ಯೋಚನೆಯನ್ನು ಬಸ್ಸು ಯಳಂದೂರು ಮುಟ್ಟುವ ಮೊದಲೇ ಬಿಟ್ಟೆ. ಬಿಟ್ಟೆ ಎಂದು ಬರೆದಿದ್ದೇನೆ, ಬಿಟ್ಟಿಲ್ಲ.

ಕಳೆದ ಭಾನುವಾರ ಕೊಳ್ಳೇಗಾಲಕ್ಕೆ ಹೋದೆ. ಬೀದಿಯ ತಿರುವಿನಲ್ಲೇ ಸದ್ದು ಕೇಳಿಸಿತು. ಲಾಳಿ ಹೋಗುವ ಸದ್ದು, ಅದರ ಹಿಂದೆ ಹಲಗೆ ಬಡಿಯುವ ಸದ್ದು. ಆ ಬೀದಿಯಲ್ಲಿ ಹಿಂದೆ ಯಾವ ಮನೆಯ ಮಗ್ಗ ಯಾವುದೆಂದು ಹೇಳಲಾಗದಷ್ಟು ಸದ್ದಿರುತ್ತಿತ್ತು. ಈಗ ಇದೊಂದೇ ಇದ್ದದ್ದರಿಂದ ದಾರಿ ತಪ್ಪುವ ಹಾಗೇ ಇರಲಿಲ್ಲ. ಅತ್ತೆ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ಒಂದು ಮೊಳದಷ್ಟು ನೇಯ್ದಾಗಿತ್ತು. ಕತ್ತು ತಿರುಗಿಸದೆ, "ಬಂದ್ಯಾ? ಒಲೆ ಮ್ಯಾಲೆ ಅನ್ನ ಅದೆ, ನೋಡ್ಕೊ" ಅಂದಳು.

ಅನ್ನ ಇಳಿಸಿ ಬಂದು, ಮಗ್ಗದ ಹಿಂದೆ ಎಡಗಡೆ, ಅಮ್ಮ ಕೂರುತ್ತಿದ್ದಲ್ಲಿ ಕೂತೆ. ಅಲ್ಲಿಂದ ಅತ್ತೆಯ ಮುಖ ಎಳೆಗಳ ಮೂಲಕ ಕಾಣುತ್ತದೆ, ನೆರಿಗೆ ನೆರಿಗೆಯಾಗಿ. ಹುಡುಗಿ ಹೇಳಿದ್ದನ್ನೆಲ್ಲ ಹೇಳಿದೆ. ತಿರುಚು ಯಾವ ಕಡೆ ವಾಲಿದೆ, ತುದಿ ಯಾಕೆ ಗಿಡ್ಡ. ಸುದ್ದಿಪತ್ರಕ್ಕೆ ಅಮ್ಮನ ಫೋಟೊ ಹೋಗಿದೆ, ನಾನು ಹೇಳುವವರೆಗೆ ತಡೆದಿದ್ದಾರೆ ಎಂದೂ ಹೇಳಿದೆ.

"ಆಕ್ಲಿ ಬುಡು ಫೋಟವ," ಅಂದಳು. "ಹಸ್ರು ಸೀರೇದ? ಚೆಂದಾಗದೆ ಅದು."

ಫೋಟೊ ಹಾಕಬೇಕಾದರೆ ಕೆಳಗೆ ನಿಜ ಬರೆಯಬೇಕಲ್ಲ ಅತ್ತೆ ಎಂದೆ. ಬಸ್ಸಿನಲ್ಲಿ ನನ್ನನ್ನು ಕಾಡಿದ್ದ ಪ್ರಶ್ನೆಯನ್ನೂ ಕೇಳಿಬಿಟ್ಟೆ.

ಅವಳು ಲಾಳಿ ಎಸೆದಳು. ಹಲಗೆ ಬಡಿದಳು. ಇನ್ನೊಂದು ಎಸೆತ. ಒಂದು ಎಳೆ ಸಡಿಲವಾಯಿತೆಂದು ಬೆರಳಲ್ಲಿ ಸವರಿ ನೋಡಿದಳು, ಸಡಿಲವಾಗಿರಲಿಲ್ಲ. ನನಗೆ ಗೊತ್ತಿರುವ ಅತ್ತೆ ಮಾತಿಗೆ ತಡವರಿಸುವವಳಲ್ಲ. ಆಮೇಲೆ ಊಟ ಮಾಡಿದೆವು, ಬೀದಿಯ ಸುದ್ದಿ ಮಾತಾಡಿದೆವು, ಬಸ್ಸಿಗೆ ಹೊತ್ತಾಯಿತು. ಹುಡುಗಿ ನಿನ್ನೆ ಮತ್ತೆ ಮೆಸೇಜ್ ಮಾಡಿದ್ದಾಳೆ. ಇವತ್ತು ಸಂಜೆ ಅತ್ತೆಗೆ ಫೋನ್ ಮಾಡಿದರೆ ಅವಳು ಫೋನನ್ನು ಮಗ್ಗದ ಪಕ್ಕ ಇಟ್ಟುಕೊಂಡು ನೇಯುತ್ತಲೇ ಇದ್ದಳು. ನಾನು ಆ ಸದ್ದನ್ನೇ ಸ್ವಲ್ಪ ಹೊತ್ತು ಕೇಳಿದೆ. ಆಮೇಲೆ ಭಾನುವಾರ ಆ ಜಾಗದಲ್ಲಿ ಕೂತು ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದೆ:

"ಅತ್ತೆ, ಅಮ್ಮ ಬಸ್ ಹತ್ತಿದ ಮೇಲೆ, ಅವಳು ಹೊಸೆದಿದ್ದನ್ನೆಲ್ಲ ಬಿಚ್ಚಿ ನೀನು ಮತ್ತೆ ಹೊಸೀತಿದ್ಯಾ?"